ಮಕ್ಕಳ ಜೊತೆ ಮಜಾ ರನ್: ಓಡೋದಕ್ಕಿಂತ ಕಾಯೋದೇ ಕಷ್ಟ

ಬೆಂಗಳೂರಿನ ವರ್ಲ್ಡ್ 10ಕೆ, ಅಂದರೆ ಹತ್ತು ಕಿಲೋಮೀಟರ್ ಓಟ, 2008ರಲ್ಲಿ ಶುರುವಾಯಿತು. ಹೊರದೇಶದ ವೇಗದ ಓಟಗಾರರು ಪೈಪೋಟಿಗೆ ಬೀಳುವ ಅದೇ ದಿನ, ಮನೆಮಂದಿಯೆಲ್ಲ ವೇಷ ಹಾಕಿಕೊಂಡು, ಹಾಡಿಗೆ ಹೆಜ್ಜೆ ಹಾಕುತ್ತ ಹೋಗುವ ಮಜಾ ರನ್ ಕೂಡ ಇರುತ್ತದೆ. ದೂರ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ, ನಾಲ್ಕರಿಂದ ಆರು ಕಿಲೋಮೀಟರ್ ಒಳಗೆ ಅಂದುಕೊಳ್ಳಿ. ಐದಾರು ವರ್ಷದ ಮಗುವಿಗೆ ಇಷ್ಟು ದೂರ ಆಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನಡುನಡುವೆ ನಡೆಸಿಕೊಂಡು ಹೋದರೆ ಬಹಳಷ್ಟು ಮಕ್ಕಳಿಗೆ ಆಗುತ್ತದೆ. ಆದರೆ ಲೆಕ್ಕ ಹಾಕಬೇಕಾದ್ದು ಬೇರೆ. ಮನೆ ಬಿಟ್ಟು ಮತ್ತೆ ಮನೆ ಸೇರುವಷ್ಟರಲ್ಲಿ ನಾಲ್ಕೂವರೆ ಗಂಟೆ ಸಲೀಸಾಗಿ ಕಳೆದಿರುತ್ತದೆ. ಅದರಲ್ಲಿ ಓಟ-ನಡಿಗೆ ಒಂದೂವರೆ ಗಂಟೆ. ಉಳಿದದ್ದೆಲ್ಲ ಸಾಲು, ಗದ್ದಲ, ನಿಂತು ಕಾಯುವುದು. ಮಗು ರಚ್ಚೆ ಹಿಡಿಯುವುದು ಹೆಚ್ಚಾಗಿ ಈ ಉಳಿದ ಹೊತ್ತಿನಲ್ಲೇ.

ಬಿಸಿಲಿನ ವಿಷಯ ಮೊದಲು. 2024 ಮತ್ತು 2025ರಲ್ಲಿ ಓಟ ಏಪ್ರಿಲ್ ಕೊನೆಯ ಭಾನುವಾರ ನಡೆಯಿತು. ಬೆಂಗಳೂರಿಗೆ ಏಪ್ರಿಲ್ಲೇ ವರ್ಷದ ಅತಿ ಬಿಸಿ ತಿಂಗಳು. ಆರು ಗಂಟೆ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ, 10ಕೆ ಓಟಗಾರರು ತಂಪು ಹೊತ್ತಿನಲ್ಲೇ ಓಡಿ ಮುಗಿಸುತ್ತಾರೆ. ಮಜಾ ರನ್ ಸಾಮಾನ್ಯವಾಗಿ ಕೊನೆಗೆ ಬಿಡುವುದರಿಂದ ಆ ಹೊತ್ತಿಗೆ ಬಿಸಿಲು ಚುರುಕಾಗಿರುತ್ತದೆ. ಅತಿ ಚಿಕ್ಕವರಿಗೆ ಅತಿ ಬಿಸಿಲಿನ ಹೊತ್ತು, ಇದು ಉಲ್ಟಾ ಅಂತಲೇ ಅನ್ನಿಸುತ್ತದೆ. ಆದರೆ ಒಂದೇ ರಸ್ತೆಯಲ್ಲಿ ಎಲ್ಲ ಓಟಗಳೂ ಆಗಬೇಕಲ್ಲ. ನಮ್ಮ ಕೈಯಲ್ಲಿರುವುದು ಟೋಪಿ, ಹೊರಡುವ ಮೊದಲು ಕತ್ತಿನ ಹಿಂದೆ ಮತ್ತು ಕಿವಿಗೆ ಸನ್‌ಸ್ಕ್ರೀನ್, ಮತ್ತು ಬೇಕಾದಾಗ ನಿಲ್ಲಿಸಿಬಿಡುವ ಧೈರ್ಯ.

ಹೋಗುವುದು ಹೇಗೆ? ಕಾರು ಬೇಡ. ಓಟದ ಜಾಗವಾದ ಪರೇಡ್ ಮೈದಾನದ ಸುತ್ತಲ ರಸ್ತೆಗಳು ಬಂದ್ ಆಗಿರುತ್ತವೆ, ಎಲ್ಲೋ ದೂರ ನಿಲ್ಲಿಸಿ ನಡೆದರೆ ಓಟಕ್ಕೆ ಮೊದಲೇ ಮಗುವಿನ ಕಾಲು ಸೋತಿರುತ್ತದೆ. ಮೆಟ್ರೊ ಒಳ್ಳೆಯದು. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಈ ಓಟದ ದಿನಕ್ಕೆ ಮಾತ್ರ ಬೇಗ ರೈಲು ಬಿಡುವುದುಂಟು, ಹಿಂದಿನ ದಿನದ ಪ್ರಕಟಣೆ ನೋಡಿಕೊಳ್ಳಿ. ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್ ಎರಡೂ ನಿಲ್ದಾಣ ಹತ್ತಿರವೇ. ಹೋಗುವಾಗ ಯಾವುದಾದರೂ ಸರಿ. ಬರುವಾಗ ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಜಾತ್ರೆಯಿದ್ದರೆ ಕಬ್ಬನ್ ಪಾರ್ಕ್ ಕಡೆ ನಡೆಯಿರಿ. ಮೂರು ಅಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಉಳಿದವರಿಗೆ ತಲೆಗೊಂದರಂತೆ ಕಾರ್ಡ್ ಇದ್ದರೆ ಟೋಕನ್ ಸಾಲು ತಪ್ಪುತ್ತದೆ. ಕಾರ್ಡಿನಲ್ಲಿ ದುಡ್ಡಿದೆಯಾ ಅಂತ ಶನಿವಾರವೇ ನೋಡಿ.

ಅಭ್ಯಾಸ ಅಂತ ದೊಡ್ಡದಾಗಿ ಏನೂ ಬೇಡ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಮೊದಲ ವಾರ ಒಂದೂವರೆ ಕಿಲೋಮೀಟರ್, ಮುಂದಿನ ವಾರ ಎರಡೂವರೆ, ಆಮೇಲೆ ಮೂರೂವರೆ. ಮೂರೂವರೆ ಕಿಲೋಮೀಟರನ್ನು ‘ಎತ್ಕೋ’ ಅನ್ನದೆ ಮುಗಿಸಿದ ಮಗು, ಓಟದ ದಿನದ ಹುಮ್ಮಸ್ಸಿನಲ್ಲಿ ಐದನ್ನು ಮುಗಿಸುತ್ತದೆ. ಎರಡಕ್ಕೇ ಕೂತುಬಿಟ್ಟರೆ ಈ ವರ್ಷ ನೋಡಲು ಕರೆದುಕೊಂಡು ಹೋಗಿ, ಸಾಕು. ನೋಂದಾಯಿಸುವ ಮೊದಲು ವಯಸ್ಸಿನ ಮಿತಿ, ತಳ್ಳುಗಾಡಿ ಬಿಡುತ್ತಾರೋ ಇಲ್ಲವೋ ಅನ್ನುವ ನಿಯಮಗಳನ್ನೂ ಓದಿ. ಬಿಟ್ಟರೂ ಗುಂಪಿನಲ್ಲಿ ತಳ್ಳುಗಾಡಿ ತೊಂದರೆಯೇ. ಹಿಂದಿನವರಿಗೆ ಚಕ್ರ ಕಾಣುವುದಿಲ್ಲ, ಎಡವಿ ಮಗುವಿನ ಮೇಲೇ ಬೀಳುತ್ತಾರೆ.

ಬಿಬ್, ಅಂದರೆ ಎದೆಗೆ ಚುಚ್ಚಿಕೊಳ್ಳುವ ನಂಬರಿನ ಹಾಳೆ, ದೊಡ್ಡವರ ಅಳತೆಯದು. ಐದು ವರ್ಷದ ಮಗುವಿಗೆ ಅದು ಎದೆ, ಹೊಟ್ಟೆ ಎರಡನ್ನೂ ಮುಚ್ಚುತ್ತದೆ, ಓಡುವಾಗ ಅಡ್ಡ ಬರುತ್ತದೆ. ನಂಬರ್ ಕಾಣುವಂತೆ ಮೇಲೆ ಕೆಳಗೆ ಹಿಂದಕ್ಕೆ ಮಡಚಿ. ಪಿನ್ನನ್ನು ಶನಿವಾರ ರಾತ್ರಿಯೇ, ಅಂಗಿ ಮಗುವಿನ ಮೈಮೇಲೆ ಇಲ್ಲದಾಗ ಹಾಕಿ: ನಾಲ್ಕು ಮೂಲೆಗೆ ನಾಲ್ಕು, ಪ್ರತಿಯೊಂದೂ ಬಟ್ಟೆಯಲ್ಲಿ ಹೊಕ್ಕು ಮತ್ತೆ ಹೊರಬಂದು ಮುಚ್ಚಿಕೊಂಡಿರಬೇಕು. ಬೆಳಗ್ಗೆ ಅವಸರದಲ್ಲಿ ಚುಚ್ಚಿದ ಪಿನ್ ಬಿಚ್ಚಿಕೊಳ್ಳುವುದು ಹೊಟ್ಟೆಯ ಹತ್ತಿರವೇ. ಬಿಬ್ಬಿನ ಹಿಂದೆ ಮಗುವಿನ ಹೆಸರು, ಜೊತೆಗಿರುವ ಇಬ್ಬರು ದೊಡ್ಡವರ ಮೊಬೈಲ್ ನಂಬರ್, ಔಷಧಿಯ ಅಲರ್ಜಿ ಏನಾದರೂ ಇದ್ದರೆ ಅದನ್ನೂ ಬರೆಯಿರಿ. ಬಾಲ್‌ಪೆನ್ನಿನಲ್ಲೇ ಬರೆಯಿರಿ, ಸ್ಕೆಚ್ ಪೆನ್ನಿನ ಶಾಯಿ ಬೆವರಿಗೆ ಹರಡುತ್ತದೆ.

ಇನ್ನು ವೇಷ. ಮಜಾ ರನ್ನಿನ ಅರ್ಧ ಮಜಾ ಇರುವುದೇ ಇಲ್ಲಿ, ಹೆಚ್ಚಿನ ಪೇಚಾಟವೂ ಇಲ್ಲೇ. ಬಾಡಿಗೆಗೆ ಸಿಗುವ ಫ್ಯಾನ್ಸಿ ಡ್ರೆಸ್ ಶಾಲೆಯ ವೇದಿಕೆ ಮೇಲೆ ಮೂರು ನಿಮಿಷ ನಿಲ್ಲುವುದಕ್ಕೆ ಹೊಲಿದದ್ದು. ಕೆಂಪೇಗೌಡರ ಮಖಮಲ್ಲಿನ ಅಂಗಿ, ಅದರೊಳಗೊಂದು ಪಾಲಿಯೆಸ್ಟರ್ ಅಸ್ತರಿ. ಬಿಸಿಲಿಗೆ ಹೋದ ಹತ್ತೇ ನಿಮಿಷಕ್ಕೆ ಒಳಗೆ ಬೆವರಿನ ಮಡು. ಕಿತ್ತೂರು ಚೆನ್ನಮ್ಮನ ಕಚ್ಚೆ ಸೀರೆ ಇಲಾಸ್ಟಿಕ್ ಮೇಲೆ ನಿಂತಿರುತ್ತದೆ, ಓಡಿದರೆ ಜಾರುತ್ತದೆ. ಪ್ಲಾಸ್ಟಿಕ್ ಕತ್ತಿ ಪಕ್ಕದ ಮಗುವಿನ ಕಣ್ಣಿನ ಎತ್ತರಕ್ಕೇ ಬರುತ್ತದೆ, ಅದನ್ನಂತೂ ಮನೆಯಲ್ಲೇ ಬಿಡಿ. ಮುಖವಾಡ ಕೂಡ ಬೇಡ, ಪಕ್ಕದಲ್ಲಿ ಬರುವವರು ಕಾಣುವುದಿಲ್ಲ, ಉಸಿರೂ ಕಟ್ಟುತ್ತದೆ. ಹುಲಿವೇಷದ ಬಾಲ ಕಟ್ಟುವುದಾದರೆ ಮಗುವಿನ ಮಂಡಿಗಿಂತ ಮೇಲೇ ಮುಗಿಯಲಿ. ಇಲ್ಲದಿದ್ದರೆ ಹಿಂದಿನವರು ತುಳಿಯುತ್ತಾರೆ, ಹುಲಿ ಅಂಗಾತ ಬೀಳುತ್ತದೆ.

ಹಾಗಾದರೆ ಏನು ಹಾಕುವುದು? ಒಳಗೆ ದಿನಾ ಹಾಕುವ ತೆಳು ಟೀಶರ್ಟ್, ಚಡ್ಡಿ. ಅದರ ಮೇಲೆ ಒಂದೇ ಒಂದು ಗುರುತಿನ ವಸ್ತು: ಹಗುರವಾದ ಹತ್ತಿಯ ಪೇಟ, ಅರಿಶಿನ-ಕುಂಕುಮ ಬಣ್ಣದ ಶಲ್ಯ, ಕಾಗದದ ರೆಕ್ಕೆ. ಶಲ್ಯವನ್ನು ಕುತ್ತಿಗೆಗೆ ಗಂಟು ಹಾಕಬೇಡಿ, ಭುಜದ ಮೇಲೆ ಒಂದು ಹೊಲಿಗೆ ಹಾಕಿ. ಎಳೆದರೆ ಕಿತ್ತುಬರಬೇಕು, ಬಿಗಿಯಬಾರದು. ಮೀಸೆಗೆ ಕಾಡಿಗೆ ಸಾಕು. ಹಣೆ ತುಂಬ ಬಣ್ಣ ಬಳಿದರೆ ಬೆವರಿನ ಜೊತೆ ಇಳಿದು ಕಣ್ಣು ಉರಿಸುತ್ತದೆ. ಬಣ್ಣ ಬೇಕೇ ಬೇಕೆಂದರೆ ಕೆನ್ನೆಗೆ ಮಾತ್ರ, ಅದನ್ನೂ ಹಿಂದಿನ ದಿನ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ತುರಿಕೆ ಬರುತ್ತದಾ ನೋಡಿ. ಇಡೀ ವೇಷ ತೊಡಿಸಿ ಸಂಜೆ ಒಮ್ಮೆ ಬೀದಿಯ ಕೊನೆಯವರೆಗೆ ಓಡಿಸಿದರೆ ಏನು ಜಾರುತ್ತದೆ, ಏನು ಕೆರೆಯುತ್ತದೆ ಅನ್ನುವುದೆಲ್ಲ ಅಲ್ಲೇ ಗೊತ್ತಾಗುತ್ತದೆ.

ಶೂ ಹೊಸದು ಬೇಡ. ಶಾಲೆಯ ಪಿಟಿ ದಿನದ ಬಿಳಿ ಕ್ಯಾನ್ವಾಸ್ ಶೂ ಅಡಿಭಾಗ ತೆಳು, ಐದು ಕಿಲೋಮೀಟರಿಗೆ ಪಾದ ಉರಿಯುತ್ತದೆ. ದಿನಾ ಆಡುವ ಸ್ಪೋರ್ಟ್ಸ್ ಶೂ ಇದ್ದರೆ ಅದೇ ಸರಿ, ಬೆರಳ ಮುಂದೆ ನಿಮ್ಮ ಹೆಬ್ಬೆರಳ ಅಗಲದಷ್ಟು ಜಾಗವಿದೆಯಾ ಒತ್ತಿ ನೋಡಿ. ದಾರವಾದರೆ ಎರಡು ಗಂಟು ಹಾಕಿ ತುದಿಯನ್ನು ಒಳಗೆ ತುರುಕಿ.

ಹೊರಡುವ ಬೆಳಗ್ಗೆ ಹೊಸ ತಿಂಡಿ ಪ್ರಯೋಗ ಬೇಡ. ಓಟಕ್ಕೆ ಒಂದೂವರೆ-ಎರಡು ಗಂಟೆ ಮೊದಲು ಎರಡು ಇಡ್ಲಿ ಅಥವಾ ಒಂದು ಬಟ್ಟಲು ರಾಗಿ ಗಂಜಿ. ದೊಡ್ಡ ಲೋಟ ಹಾಲು ಕುಡಿಸಿ ಕರೆತಂದ ಮಕ್ಕಳು ಮೊದಲ ಕಿಲೋಮೀಟರಿನಲ್ಲೇ ವಾಂತಿ ಮಾಡುವುದುಂಟು. ಕಾಯುವಾಗ ಹಸಿವಾದರೆ ಅರ್ಧ ಏಲಕ್ಕಿ ಬಾಳೆಹಣ್ಣು. ಶೌಚಾಲಯಕ್ಕೆ ಓಟದ ಅರ್ಧ ಗಂಟೆ ಮೊದಲೇ ಸಾಲು ಹಿಡಿಯಿರಿ, ಮಗು ‘ಬರ್ತಿಲ್ಲ’ ಅಂದರೂ ಸರಿ. ಮೊಬೈಲ್ ಟಾಯ್ಲೆಟ್ ಒಳಗೆ ಕತ್ತಲು, ವಾಸನೆ. ಚಿಕ್ಕವರು ಹೆದರಿ ಹಾಗೇ ತಡೆದುಕೊಳ್ಳುತ್ತಾರೆ. ನೀವೂ ಒಳಗೆ ಹೋಗಿ, ಫೋನಿನ ಟಾರ್ಚ್ ಹಾಕಿ. ಟಿಶ್ಯೂ ಮತ್ತು ಒಂದು ಹೆಚ್ಚುವರಿ ಚಡ್ಡಿ ಚೀಲದಲ್ಲಿರಲಿ.

ಓಟ ಶುರುವಾಗುವ ಜಾಗದಲ್ಲಿ ಮುಂದೆ ನಿಲ್ಲುವ ಆಸೆ ಬಿಡಿ. ಮುಂದಿನ ಸಾಲಿನಲ್ಲಿ ಕಾಲೇಜು ಹುಡುಗರು ನುಗ್ಗುತ್ತಾರೆ, ಅವರ ಸೊಂಟದೆತ್ತರದ ಮಗು ಅವರಿಗೆ ಕಾಣುವುದಿಲ್ಲ. ವೇದಿಕೆಯ ಸ್ಪೀಕರ್ ಮುಂದೆಯೂ ಬೇಡ. ಎಲ್ಲರಿಗಿಂತ ಹಿಂದೆ, ರಸ್ತೆಯ ಒಂದು ಅಂಚಿಗೆ ನಿಲ್ಲಿ, ಗುಂಪು ಕರಗುವವರೆಗೆ ಐದು ನಿಮಿಷ ತಡವಾಗಿ ಹೊರಟರೂ ಏನೂ ನಷ್ಟವಿಲ್ಲ. ಏಳು ವರ್ಷದೊಳಗಿನ ಒಂದು ಮಗುವಿಗೆ ಒಬ್ಬ ದೊಡ್ಡವರು ಅನ್ನುವುದು ಕನಿಷ್ಠ ಲೆಕ್ಕ. ಅಪ್ಪ-ಅಮ್ಮನ ಜೊತೆ ಮೂರು ಮಕ್ಕಳಿದ್ದರೆ ಮಾವನನ್ನೋ ಚಿಕ್ಕಮ್ಮನನ್ನೋ ಹೊರಡಿಸಿ.

ಬಿಟ್ಟ ಕೂಡಲೇ ಮಕ್ಕಳು ಬಾಣದಂತೆ ಓಡುತ್ತಾರೆ. ಇನ್ನೂರು ಮೀಟರಿಗೆ ಪಕ್ಕೆ ಹಿಡಿದು ನಿಲ್ಲುತ್ತಾರೆ. ನಿಧಾನ, ನಿಧಾನ ಅಂತ ಕೂಗಿದರೆ ಕೇಳುವುದಿಲ್ಲ. ಬೀದಿದೀಪದ ಕಂಬ ಲೆಕ್ಕ ಕೊಡಿ: ಒಂದು ಕಂಬದಿಂದ ಇನ್ನೊಂದಕ್ಕೆ ಓಟ, ಆಮೇಲೆ ಎರಡು ಕಂಬ ನಡಿಗೆ. ಎಣಿಸುವ ಕೆಲಸ ಮಗುವಿನದೇ ಆಗಲಿ. ಪಕ್ಕೆ ನೋವು ಬಂದರೆ ನಿಲ್ಲಿಸಿ, ನೋಯುವ ಕಡೆ ಕೈಯಿಂದ ಒತ್ತಿ ಸ್ವಲ್ಪ ಮುಂದಕ್ಕೆ ಬಾಗಿಸಿ, ಊದುಬತ್ತಿ ಆರಿಸುವಂತೆ ಉದ್ದಕ್ಕೆ ಉಸಿರು ಬಿಡಿಸಿ. ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ಹಿಮ್ಮಡಿ ಉರಿಯುತ್ತಿದೆ ಅಂದರೆ ಆಗಲೇ ಶೂ ಬಿಚ್ಚಿಸಿ ಮೈಕ್ರೋಪೋರ್ ಟೇಪ್ (ಗಾಯದ ಪಟ್ಟಿಗೆ ಬಳಸುವ ಕಾಗದದಂಥ ಟೇಪ್) ಅಂಟಿಸಿ. ಇನ್ನರ್ಧ ಕಿಲೋಮೀಟರ್ ಹೋಗಲಿ ಅಂದರೆ ಬೊಬ್ಬೆ ಎದ್ದಿರುತ್ತದೆ. ಸುಸ್ತಾಯಿತೆಂದು ಹೆಗಲ ಮೇಲೆ ಕೂರಿಸಿಕೊಳ್ಳುವವರೂ ಇದ್ದಾರೆ. ನೀವು ಎಡವಿದರೆ ಮಗು ಬೀಳುವುದು ತಲೆ ಕೆಳಗಾಗಿ, ಸೊಂಟಕ್ಕೆ ಎತ್ತಿಕೊಳ್ಳುವುದು ವಾಸಿ.

ನೀರಿನ ಮೇಜುಗಳ ಬಳಿ ಎಚ್ಚರ. ಎಲ್ಲರೂ ಮುಗಿಬೀಳುವುದು ಮೊದಲ ಮೇಜಿಗೆ, ಅಲ್ಲಿ ನೆಲ ಒದ್ದೆ, ಬಾಟಲಿ ಮುಚ್ಚಳಗಳು ಕಾಲಡಿಗೆ ಉರುಳುತ್ತವೆ. ಕೊನೆಯ ಮೇಜಿನವರೆಗೂ ಹೋಗಿ ತೆಗೆದುಕೊಳ್ಳಿ. ಅದಕ್ಕಿಂತ ಮನೆಯಿಂದ ಅರ್ಧ ಲೀಟರ್ ಬಾಟಲಿ ಒಯ್ದು, ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು-ಮೂರು ಗುಟುಕು ಕುಡಿಸುವುದು ಮೇಲು. ಗಟಗಟ ಕುಡಿದರೆ ಹೊಟ್ಟೆ ಕುಲುಕುತ್ತದೆ.

ಇಷ್ಟೆಲ್ಲದರಲ್ಲಿ ಗಮನ ತಪ್ಪಿಸಲೇಬಾರದ್ದು ಬಿಸಿಲಿನ ಲಕ್ಷಣ. ಬಿಡುವಿಲ್ಲದೆ ವಟಗುಟ್ಟುತ್ತಿದ್ದ ಮಗು ತಟ್ಟನೆ ಸುಮ್ಮನಾಯಿತು, ಮುಖ ಕೆಂಪೇರಿದೆ ಅಥವಾ ಬಿಳಚಿದೆ, ತಲೆ ನೋಯುತ್ತದೆ, ಹೊಟ್ಟೆ ತೊಳಸುತ್ತದೆ ಅನ್ನುತ್ತಿದೆ ಅಂದರೆ ಓಟ ಅಲ್ಲಿಗೆ ಮುಗಿಯಿತು. ನೆರಳಿಗೆ ಕರೆದೊಯ್ದು, ವೇಷ ಬಿಚ್ಚಿ, ಒದ್ದೆ ಬಟ್ಟೆ ಕತ್ತಿಗೆ, ಕಂಕುಳಿಗೆ ಇಟ್ಟು ಗಾಳಿ ಬೀಸಿ, ಸ್ವಲ್ಪ ಸ್ವಲ್ಪ ನೀರು ಕೊಡಿ. ಮಾತು ತಡವರಿಸಿದರೆ, ವಾಂತಿ ನಿಲ್ಲದಿದ್ದರೆ ಹತ್ತಿರದ ವೈದ್ಯಕೀಯ ಶಿಬಿರಕ್ಕೆ ಓಡಿ, ಅದು ಕಾಣದಿದ್ದರೆ 108.

ತಪ್ಪಿಸಿಕೊಂಡರೆ ಏನು ಮಾಡಬೇಕೆಂದು ಮಗುವಿಗೆ ಮನೆಯಲ್ಲೇ ಎರಡು ಮಾತು ಹೇಳಿಕೊಡಿ: ನಿಂತಲ್ಲೇ ನಿಲ್ಲು, ಪೊಲೀಸರಿಗೋ, ವಾಲಂಟಿಯರ್ ಟೀಶರ್ಟ್ ಹಾಕಿದವರಿಗೋ, ಮಕ್ಕಳ ಜೊತೆಗಿರುವ ಆಂಟಿಗೋ ಬಿಬ್ ತಿರುಗಿಸಿ ತೋರಿಸು. ಹುಡುಕುತ್ತ ಓಡುವ ಮಗು ಇನ್ನೂ ದೂರ ಹೋಗುತ್ತದೆ. ಮೈದಾನ ಮುಟ್ಟಿದ ಕೂಡಲೇ ಅವತ್ತಿನ ವೇಷದಲ್ಲೇ ಮುಂದಿನಿಂದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಗಾಬರಿಯಲ್ಲಿ ಅಂಗಿಯ ಬಣ್ಣವೂ ನೆನಪಾಗುವುದಿಲ್ಲ. ಅಷ್ಟು ಜನ ಸೇರಿದ ಕಡೆ ಫೋನ್ ಸಿಗ್ನಲ್ ನಂಬುವಂತಿಲ್ಲ, ಹಾಗಾಗಿ ದೊಡ್ಡವರೆಲ್ಲ ಸೇರುವ ಒಂದು ಜಾಗ ಮೊದಲೇ ಗೊತ್ತು ಮಾಡಿ, ಮೆಟ್ರೊ ನಿಲ್ದಾಣದ ಇಂಥದ್ದೇ ಪ್ರವೇಶದ್ವಾರ ಅಂತ. ‘ಗೇಟ್ ಹತ್ತಿರ’ ಅಂದರೆ ಅಲ್ಲಿ ಗೇಟುಗಳು ಹಲವು. ಮಗು ಸಿಗದಿದ್ದರೆ ಕಾಯಬೇಡಿ, ಅಲ್ಲಿರುವ ಪೊಲೀಸರಿಗೆ ಹೇಳಿ, 112ಕ್ಕೂ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098.

ಪದಕದ ವಿಷಯ ಮೊದಲೇ ವಿಚಾರಿಸಿಕೊಳ್ಳಿ. ಸಮಯ ಅಳೆಯದ ಮೋಜಿನ ಓಟಗಳಲ್ಲಿ ಪದಕ ಕೊಡದಿರುವುದುಂಟು. ಪಕ್ಕದ 10ಕೆ ಓಟಗಾರರ ಕೊರಳಲ್ಲಿ ಪದಕ ಕಂಡು ತನಗಿಲ್ಲ ಅಂತ ಗೊತ್ತಾದ ಮಗುವನ್ನು ಸಮಾಧಾನ ಮಾಡುವುದು ಐದು ಕಿಲೋಮೀಟರ್ ನಡೆಸುವುದಕ್ಕಿಂತ ಕಷ್ಟ. ಟ್ರೋಫಿ ಅಂಗಡಿಯಲ್ಲಿ ಸಾದಾ ಪದಕ, ರಿಬ್ಬನ್ ಸಮೇತ, ಕಡಿಮೆ ಬೆಲೆಗೆ ಸಿಗುತ್ತದೆ. ಒಂದನ್ನು ಚೀಲದಲ್ಲಿಟ್ಟುಕೊಂಡಿರಿ, ಓಟ ಮುಗಿಸುವ ಗೆರೆ ದಾಟಿದ ಮೇಲೆ ಅಜ್ಜಿಯ ಕೈಯಿಂದ ಹಾಕಿಸಿ.

ಮುಗಿದ ಮೇಲೆ ಅಲ್ಲೇ ಕೂರಿಸಬೇಡಿ, ಐದು ನಿಮಿಷ ನಿಧಾನ ನಡೆಸಿ. ಉಪ್ಪು ಹಾಕಿದ ಮಜ್ಜಿಗೆ ಅಥವಾ ಎಳನೀರು, ಜೊತೆಗೆ ಏನಾದರೂ ತಿಂಡಿ. ಒದ್ದೆ ಅಂಗಿ ಬದಲಿಸಿಯೇ ಮೆಟ್ರೊ ಹತ್ತಿಸಿ, ಒಳಗೆ ಎಸಿ ಚಳಿ. ರಾತ್ರಿ ಮೀನಖಂಡ ನೋಯುತ್ತದೆ ಅಂದರೆ ಬಿಸಿನೀರಿನ ಸ್ನಾನ, ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದು ಸಾಕು. ಎರಡೂ ಕಾಲು ಒಂದೇ ಥರ ನೋಯುತ್ತಿದ್ದರೆ ಅದು ದಣಿವಿನ ನೋವು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಒಂದೇ ಕಾಲು ನೋಯುತ್ತಿದ್ದು, ಮರುದಿನ ಬೆಳಗ್ಗೆಯೂ ಮಗು ಕುಂಟುತ್ತಿದ್ದರೆ ಎಣ್ಣೆ ಬಿಟ್ಟು ಡಾಕ್ಟರಿಗೆ ತೋರಿಸಿ.