"ಇನ್ನೂ ಡಿಸ್ಕೋನೇ ಕೇಳ್ತೀರಾ?" ಅನ್ನೋರಿಗೆ

ನನ್ನ ಕಾರು ಹತ್ತಿದವರೆಲ್ಲ ಹತ್ತು ನಿಮಿಷದೊಳಗೆ ಕೇಳಿಯೇ ಕೇಳುತ್ತಾರೆ. "ಇನ್ನೂ ಡಿಸ್ಕೋನೇ ಕೇಳ್ತೀರಾ? ಐವತ್ತು ವರ್ಷ ಹಳೇದಲ್ವಾ? ಏನಿದೆ ಇದರಲ್ಲಿ?" ಆಫೀಸಿನವರು ಕೇಳಿದ್ದಾರೆ, ಭಾವ ಕೇಳಿದ್ದಾರೆ. ಪ್ರತಿ ಸಲ "ಸುಮ್ನೆ, ಇಷ್ಟ" ಅಂದು ಮುಗಿಸುತ್ತಿದ್ದೆ. ಹೋದ ವಾರ ಅಕ್ಕನ ಮಗಳು ಮಾತ್ರ ಬಿಡಲಿಲ್ಲ. "ಯಾಕೆ ಇಷ್ಟ ಅಂತ ಹೇಳು ಮಾಮ" ಅಂತ ಹಟ ಹಿಡಿದಳು. ಅವಳಿಗೆ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಡಿಸ್ಕೋ ಕುಣಿಯೋರನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ ಸಂಗೀತ. ಮತ್ತೆ, ಬಹುಪಾಲು ಕೈಯಲ್ಲೇ ನುಡಿಸಿದ ಸಂಗೀತ. ನನಗೆ ಅದು ಹಳಸದೆ ಉಳಿದಿರೋದು ಈ ಎರಡು ಕಾರಣಕ್ಕೆ.

ಮೊದಲು ತಾಳ ನೋಡೋಣ. ಫಿಲಡೆಲ್ಫಿಯಾದಲ್ಲಿ ಅರ್ಲ್ ಯಂಗ್ ಅಂತ ಒಬ್ಬ ಡ್ರಮ್ಮರ್. 1973ರಲ್ಲಿ ಹೆರಾಲ್ಡ್ ಮೆಲ್ವಿನ್ ತಂಡದ 'ದಿ ಲವ್ ಐ ಲಾಸ್ಟ್' ಹಾಡಿಗೆ ನುಡಿಸಲು ಕೂತಿದ್ದರು. ನಿಧಾನವಾದ ದುಃಖದ ಹಾಡು ಅಂತ ಶುರುವಾದದ್ದು, ಅಲ್ಲೇ ಸ್ಟುಡಿಯೋದಲ್ಲಿ ವೇಗ ಹೆಚ್ಚಿಸಿದರು. ಕಾಲಿನಿಂದ ದೊಡ್ಡ ಡ್ರಮ್ಮಿಗೆ ನಾಲ್ಕೂ ಎಣಿಕೆಗೆ ನಾಲ್ಕು ಪೆಟ್ಟು, ಧಬ್ ಧಬ್ ಧಬ್ ಧಬ್. ಎರಡು ಪೆಟ್ಟಿನ ನಡುವೆ ಹೈ-ಹ್ಯಾಟ್ ತಟ್ಟೆಗಳನ್ನು ಒಂಚೂರು ಬಿಡಿಸಿ ಬಾರಿಸಿ ತಕ್ಷಣ ಮುಚ್ಚುವುದು. "ಧಬ್-ಚಿಸ್ ಧಬ್-ಚಿಸ್." ಕುಣಿಯೋಕೆ ಬರದವನೂ ಕಾಲು ಎಲ್ಲಿಡಬೇಕು ಅಂತ ಹುಡುಕಬೇಕಾಗಿಲ್ಲ. ಧಬ್ ಅಂದಾಗ ಕಾಲು ಊರುತ್ತದೆ, ಚಿಸ್ ಅಂದಾಗ ಮೈ ತಾನಾಗೇ ಮೇಲೇಳುತ್ತದೆ. ಜಾತ್ರೆಯಲ್ಲಿ ತಮಟೆ ಹತ್ತಿರ ನಿಂತವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನೆಲ್ಲ ಮೆಷಿನ್ನಿಂದ ಮಾಡಬಹುದಲ್ವಾ ಅಂತ ಅಕ್ಕನ ಮಗಳು ಕೇಳಿದಳು. ಮಾಡಬಹುದು, ಮಾಡಿಯೂ ಇದ್ದಾರೆ. 1977ರಲ್ಲಿ ಮ್ಯೂನಿಕ್‌ನಲ್ಲಿ ಜಾರ್ಜಿಯೋ ಮೊರೊಡರ್ ಮತ್ತು ಪೀಟ್ ಬೆಲೊಟ್ಟೆ ಗಾಯಕಿ ಡೊನ್ನಾ ಸಮ್ಮರ್‌ಗಾಗಿ 'ಐ ಫೀಲ್ ಲವ್' ಮಾಡಿದಾಗ ಹೆಚ್ಚುಕಡಿಮೆ ಎಲ್ಲಾ ಸದ್ದನ್ನೂ ಮೂಗ್ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದಿಂದಲೇ ತೆಗೆದರು. ಆದರೆ ದೊಡ್ಡ ಡ್ರಮ್ಮಿನ ಪೆಟ್ಟಿಗೆ ಬೇಕಾದ ಗಟ್ಟಿತನ ಆ ಯಂತ್ರದಿಂದ ಬರಲಿಲ್ಲ. ಕೊನೆಗೆ ಡ್ರಮ್ಮರ್ ಕೀತ್ ಫೋರ್ಸಿ ಕೂತು ಅದನ್ನು ಕಾಲಿನಿಂದಲೇ ನುಡಿಸಿದರು. ಯಂತ್ರದ ಸಂಗೀತ ಅಂತ ಎಲ್ಲರೂ ಹೇಳುವ ಆ ಹಾಡಿನ ಒಳಗೂ ಒಬ್ಬ ಮನುಷ್ಯನ ಪಾದ ಇದೆ. ಇದು ಗೊತ್ತಾದ ಮೇಲೆ ಆ ಹಾಡು ನನಗೆ ಇನ್ನೂ ಹತ್ತಿರವಾಯಿತು.

ಇನ್ನು ಹಾಡಿನ ಉದ್ದ. ಆಗ ಸಿಂಗಲ್ ಅಂದರೆ 7 ಇಂಚಿನ ಪ್ಲೇಟು, ಮೂರ್ನಾಲ್ಕು ನಿಮಿಷದ ಹಾಡು. ಕುಣಿಯೋರು ಬಿಸಿಯೇರುವಷ್ಟರಲ್ಲಿ ಹಾಡು ಮುಗಿದುಹೋಗುತ್ತಿತ್ತು. ಉದ್ದ ಮಾಡಿದರೆ ಪ್ಲೇಟಿನ ಮೇಲೆ ಸದ್ದು ಕೊರೆದ ಗೆರೆಗಳು ಒತ್ತೊತ್ತಾಗಿ ಸದ್ದು ಸಣಕಲಾಗುತ್ತಿತ್ತು. ಕುಣಿಯೋರಿಗಾಗಿ ಹಾಡುಗಳನ್ನು ಉದ್ದ ಮಾಡಿ ಮಿಕ್ಸ್ ಮಾಡುತ್ತಿದ್ದ ಟಾಮ್ ಮೌಲ್ಟನ್ ಒಂದು ದಿನ ತಮ್ಮ ಮಿಕ್ಸನ್ನು ಪ್ಲೇಟಿಗೆ ಹಾಕಿಸಲು ಹೋದಾಗ 7 ಇಂಚಿನ ಖಾಲಿ ಪ್ಲೇಟು ಮುಗಿದಿತ್ತು. ಇಂಜಿನಿಯರ್ 10 ಇಂಚಿನದರ ಮೇಲೆ ಕೊರೆದುಕೊಟ್ಟರು. ಜಾಗ ಜಾಸ್ತಿ ಇದ್ದದ್ದರಿಂದ ಗೆರೆಗಳನ್ನು ದೂರ ದೂರ ಹರಡಿ ಸದ್ದನ್ನೂ ಏರಿಸಿದರು. ಕೇಳಿದರೆ ಬೇಸ್ ತುಂಬಿಕೊಂಡು ಬರುತ್ತಿದೆ! ಇನ್ನೂ ದೊಡ್ಡದಾದ 12 ಇಂಚಿನ ಸಿಂಗಲ್ಲಿಗೆ ದಾರಿಯಾದದ್ದು ಹೀಗೆ. 1976ರಲ್ಲಿ ಅದು ಅಂಗಡಿಗೂ ಬಂತು.

ಆ ಕುಣಿಯುವ ಜಾಗಗಳ ವಿಷಯ ಹೇಳದಿದ್ದರೆ ಉತ್ತರ ಅರ್ಧವೇ. 1970ರ ಪ್ರೇಮಿಗಳ ದಿನ ನ್ಯೂಯಾರ್ಕಿನ 647 ಬ್ರಾಡ್‌ವೇಯಲ್ಲಿದ್ದ ತಮ್ಮ ಮನೆಗೆ ಡೇವಿಡ್ ಮಂಕೂಸೋ ಸ್ನೇಹಿತರನ್ನು ಕರೆದರು. ಆಮೇಲೆ ಅದೇ 'ದಿ ಲಾಫ್ಟ್' ಆಯಿತು. ಹೆಂಡ ಮಾರುತ್ತಿರಲಿಲ್ಲ. ಒಳ್ಳೆ ಸ್ಪೀಕರ್, ಬಲೂನು, ಗೊತ್ತಿರುವ ಜನ. ಬರುತ್ತಿದ್ದವರಲ್ಲಿ ಕರಿಯರು, ಲ್ಯಾಟಿನೋಗಳು, ಸಲಿಂಗಿಗಳು ಜಾಸ್ತಿ. ಗಂಡಸರಿಬ್ಬರು ಜೊತೆಗೆ ಕುಣಿದರೆ ಪೊಲೀಸರು ಬರಬಹುದಾಗಿದ್ದ ಕಾಲ ಅದು. ಬೇರೆಲ್ಲೂ ಜಾಗ ಇಲ್ಲದವರು ಬೆಳಗಿನವರೆಗೆ ನಿರಾಳವಾಗಿ ಕುಣಿದ ಕೋಣೆ. ಡಿಸ್ಕೋ ಅಂದರೆ ಹೊಳೆಯುವ ಪ್ಯಾಂಟು ಮತ್ತು ಕನ್ನಡಿ ಚೂರಿನ ಚೆಂಡು ಅಂತ ಮಾತ್ರ ತಿಳಿದವರಿಗೆ ನಾನು ಮೊದಲು ಹೇಳೋದೇ ಈ ಕೋಣೆಯ ಕಥೆ.

ಅದಕ್ಕೇ ಇರಬೇಕು, ಈ ಹಾಡುಗಳಲ್ಲಿ ನೋವು ತುಂಬಾ ಇದೆ. ಗಾಯಕಿ ಗ್ಲೋರಿಯಾ ಗೇನರ್ 1978ರಲ್ಲಿ ವೇದಿಕೆ ಮೇಲೆ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡು ಆಪರೇಷನ್ ಮಾಡಿಸಿಕೊಂಡಿದ್ದರು. 'ಐ ವಿಲ್ ಸರ್ವೈವ್' ಹಾಡಿದ್ದು ಬೆನ್ನಿಗೆ ಬ್ರೇಸ್ ಕಟ್ಟಿಕೊಂಡು. ಕಂಪನಿ ಅದನ್ನು ಪ್ಲೇಟಿನ ಹಿಂಬದಿಗೆ ಹಾಕಿತ್ತು. ಕ್ಲಬ್ಬಿನ ಡಿಜೆಗಳು ಪ್ಲೇಟು ತಿರುಗಿಸಿ ಹಾಕಿ ಹಾಕಿ ಅದನ್ನೇ ಮುಂದೆ ತಂದರು. ಹಾಡಿನಲ್ಲಿ, ಬಿಟ್ಟುಹೋದವನು ಬಾಗಿಲಲ್ಲಿ ಬಂದು ನಿಂತಿದ್ದಾನೆ, ನೀನಿಲ್ಲದೆಯೂ ಬದುಕಿದ್ದೇನೆ ಹೋಗು ಅನ್ನುತ್ತಾಳೆ. ಅಳುವ ಮಾತನ್ನು ಕುಣಿಯುತ್ತಾ ಹೇಳುವುದು ಡಿಸ್ಕೋಗೆ ಬಂದಷ್ಟು ಚೆನ್ನಾಗಿ ಬೇರೆ ಯಾವುದಕ್ಕೂ ಬರಲಿಲ್ಲ ಅಂತ ನನ್ನ ನಂಬಿಕೆ.

"ಅಷ್ಟು ಚೆನ್ನಾಗಿದ್ದರೆ ಯಾಕೆ ಸತ್ತಿತು?" ಅಂತಲೂ ಕೇಳುತ್ತಾರೆ. ಸಾಯಲಿಲ್ಲ. 1979ರ ಜುಲೈ 12ರಂದು ಶಿಕಾಗೋದ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಕಂಡರಾಗದವರು ಒಂದು ಡಿಸ್ಕೋ ಪ್ಲೇಟು ತಂದರೆ 98 ಸೆಂಟಿಗೆ ಒಳಗೆ ಬಿಡುತ್ತೇವೆ ಅಂದರು. ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ ಆ ಪ್ಲೇಟುಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿ ಎರಡನೇ ಪಂದ್ಯ ಆಡಲಾಗಲಿಲ್ಲ. ಅವತ್ತು ಅಲ್ಲಿ ಪ್ರೇಕ್ಷಕರನ್ನು ಸೀಟಿಗೆ ಕರೆದೊಯ್ಯುವ ಕೆಲಸದಲ್ಲಿದ್ದ ವಿನ್ಸ್ ಲಾರೆನ್ಸ್ ಅನ್ನುವ ಕರಿಯ ಹುಡುಗ ನೋಡಿದ್ದನ್ನು ಮುಂದೆ ಹೇಳಿದ್ದಾರೆ. ಜನ ತಂದದ್ದರಲ್ಲಿ ಡಿಸ್ಕೋನೇ ಅಲ್ಲದ, ಬರೀ ಕರಿಯರ ಹಾಡುಗಳ ಪ್ಲೇಟುಗಳೂ ಇದ್ದವು. ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದೇ ಹುಡುಗ 1984ರಲ್ಲಿ ಜೆಸ್ಸಿ ಸಾಂಡರ್ಸ್ ಜೊತೆ ಸೇರಿ, ಡಿಸ್ಕೋದಿಂದಲೇ ಬೆಳೆದ ಹೌಸ್ ಅನ್ನುವ ಕುಣಿತದ ಸಂಗೀತದ ಮೊದಮೊದಲ ಪ್ಲೇಟುಗಳಲ್ಲೊಂದನ್ನು ತಂದರು. ಅದರಲ್ಲೂ ಅದೇ ನಾಲ್ಕು ಪೆಟ್ಟು. ಇವತ್ತು ಮದುವೆ ರಿಸೆಪ್ಷನ್ನಿನಲ್ಲಿ ಡಿಜೆ ಹಾಕುವ ಮುಕ್ಕಾಲು ಪಾಲು ಹಾಡುಗಳ ಬುಡದಲ್ಲೂ ಅದೇ.

ನಮ್ಮ ಮನೆಗೆ ಡಿಸ್ಕೋ ಬಂದದ್ದು ಅಣ್ಣ ತಂದ ಕ್ಯಾಸೆಟ್ಟಿನಲ್ಲಿ. ಟೇಪ್ ರೆಕಾರ್ಡರಿಗೆ ಅಮ್ಮ ಹೊಲಿದಿದ್ದ ಬಟ್ಟೆ ಕವರ್ ತೆಗೆದು, ಮಡಚಿ ಪಕ್ಕಕ್ಕಿಟ್ಟು, ಆಮೇಲೇ ಬಟನ್ ಒತ್ತಬೇಕು. ಬಂದದ್ದು 1980ರ 'ಕುರ್ಬಾನಿ' ಸಿನಿಮಾದ ನಾಜಿಯಾ ಹಸನ್ ದನಿ. ಆಕೆಗೆ ಆಗ ಹದಿನೈದರ ಆಸುಪಾಸು. ಆ ಹಾಡು ಮಾಡಿದ ಬಿದ್ದು ಅಪ್ಪಯ್ಯ ಬೆಂಗಳೂರಲ್ಲಿ ಹುಟ್ಟಿದ ಕೊಡವರು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಇಲ್ಲಿ ಗಿಟಾರ್ ಹಿಡಿದು ಹಾಡಿಕೊಂಡಿದ್ದವರು ಇಂಗ್ಲೆಂಡಿಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಮಾಡಿದ್ದೂ ಅವರೇ. ಪ್ಲೇಟಿನ ಹಿಂಬದಿ ತುಂಬಿಸೋಕೆ ಅಂತ ರೆಕಾರ್ಡಿಂಗಿನ ಕೊನೆಯ ಗಳಿಗೆಯಲ್ಲಿ ಗಡಿಬಿಡಿಯಲ್ಲಿ ಮುಗಿಸಿದ ಹಾಡು ಬ್ರಿಟನ್ನು, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. ಡಿಸ್ಕೋ ಹೊರಗಿನದು ಅನ್ನುವ ಗೆಳೆಯರಿಗೆ ನಾನು ಬಿದ್ದು ಹೆಸರು ಹೇಳದೆ ಬಿಡುವುದಿಲ್ಲ.

ಇಷ್ಟು ಓದಿಯೂ ಒಪ್ಪದಿದ್ದರೆ ಒಂದು ಹಾಡು ಕೇಳಿ, 1979ರ 'ಗುಡ್ ಟೈಮ್ಸ್'. ಶೀಕ್ ತಂಡದ್ದು. ಗಿಟಾರ್ ನೈಲ್ ರಾಡ್ಜರ್ಸ್, ಬೇಸ್ ಗಿಟಾರ್ ಬರ್ನಾರ್ಡ್ ಎಡ್ವರ್ಡ್ಸ್, ಡ್ರಮ್ಸ್ ಟೋನಿ ಥಾಂಪ್ಸನ್. ಮೂರು ನಿಮಿಷ ದಾಟಿದ ಮೇಲೆ ಹಾಡು ನಿಂತು ಬೇಸ್ ಮತ್ತು ಡ್ರಮ್ಸ್ ಮಾತ್ರ ಉಳಿಯುತ್ತವೆ. ಎಡ್ವರ್ಡ್ಸ್ ಮೂರು ಸಲ ಒಂದೇ ಸ್ವರ ಒತ್ತಿ, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗುತ್ತಾರೆ. ಆ ಸುಮ್ಮನಿರುವ ಕ್ಷಣವನ್ನು ಗಮನಿಸಿ. ಆಮೇಲೆ ಉಳಿದ ವಾದ್ಯಗಳು ಒಂದೊಂದಾಗಿ ವಾಪಸ್ ಬರುತ್ತವೆ. ರೇಡಿಯೋಗೆ ಕತ್ತರಿಸಿದ ಚಿಕ್ಕದು ಬೇಡ, ಆಲ್ಬಮ್ಮಿನ ಎಂಟು ನಿಮಿಷದ್ದೇ ಹಾಕಿಕೊಳ್ಳಿ. ಮೊಬೈಲ್ ಸ್ಪೀಕರಲ್ಲಿ ಬೇಸ್ ಸರಿಯಾಗಿ ಕೇಳುವುದಿಲ್ಲ, ಇಯರ್‌ಫೋನ್ ಇರಲಿ.