ಗಾಜಿಗೆ ಒಂದೇ ಕಡೆ ತಾಗುವ ಚಕ್ರ

ಜೂನ್ 8

ಅಯಸ್ಕಾಂತಗಳ ಮೇಲೆ ತೇಲುತ್ತಾ ತಿರುಗುವ ಚಕ್ರ ಕೊನೆಗೂ ಡೊಂಬಿವಲಿಯ ನಮ್ಮ ಮನೆಯ ಮೇಜಿನ ಮೇಲೆ ನಿಂತಿದೆ. ಹಿತ್ತಾಳೆ ಕಡ್ಡಿಯ ಎರಡು ತುದಿಗಳ ಬಳಿ ಒಂದೊಂದು ನಿಯೋಡೀಮಿಯಂ ಬಳೆ (ಬಲು ಬಲವಾದ ಲೋಹದ ಅಯಸ್ಕಾಂತ), ಪ್ರತಿ ಬಳೆಯ ಕೆಳಗೆ ಅದನ್ನು ಮೇಲಕ್ಕೆ ತಳ್ಳುವ ಎರಡು ಅಯಸ್ಕಾಂತ, ನಡುವೆ ಚಕ್ರವಾಗಿ ಒಂದು ಹಳೆಯ ಸಿಡಿ.

ಎಲ್ಲಿಯೂ ತಾಗದಂತೆ ತೇಲಿಸಬೇಕೆಂದು ಎರಡು ವಾರ ಹೆಣಗಿದೆ. ಅದು ಆಗದ ಮಾತು. ಬರೀ ಶಾಶ್ವತ ಅಯಸ್ಕಾಂತಗಳಿಂದ ಇನ್ನೊಂದು ಅಯಸ್ಕಾಂತವನ್ನು ಗಾಳಿಯಲ್ಲಿ ನಿಶ್ಚಲವಾಗಿ ಹಿಡಿದಿಡಲು ಬರುವುದಿಲ್ಲ ಎಂಬುದು ಸ್ಯಾಮ್ಯುಯೆಲ್ ಅರ್ನ್‌ಷಾ 1842ರಲ್ಲಿ ಪ್ರಕಟಿಸಿದ ಪ್ರಮೇಯದಿಂದ ಸಿದ್ಧವಾಗುತ್ತದೆ. ಮೇಲೆ ಕೆಳಗೆ, ಎಡ ಬಲ ಭದ್ರವಾದರೆ ಉದ್ದಕ್ಕೆ ಜಾರಿಯೇ ಜಾರುತ್ತದೆ. ರಾಯ್ ಹ್ಯಾರಿಗನ್ 1983ರಲ್ಲಿ ಪೇಟೆಂಟ್ ಪಡೆದ ತೇಲುವ ಬುಗುರಿ ಬೀಳದಿರುವುದು ತಿರುಗುತ್ತಿರುವುದರಿಂದ. ವೇಗ ತಗ್ಗಿತೆಂದರೆ ಅದೂ ಉರುಳುತ್ತದೆ. ನನಗೆ ಬೇಕಾದದ್ದು ನಿಧಾನವಾದರೂ ಬೀಳದ ಚಕ್ರ. ಹಾಗಾಗಿ ಆ ಜಾರುವಿಕೆಯನ್ನೇ ಬಳಸಿಕೊಂಡೆ. ಕೆಳಗಿನ ಅಯಸ್ಕಾಂತಗಳನ್ನು ತುಸು ಹಿಂದೆ ಇಟ್ಟರೆ ಕಡ್ಡಿ ಮುಂದಕ್ಕೆ ಸರಿದು ಗಾಜಿನ ತುಂಡಿಗೆ ಆನಿಕೊಳ್ಳುತ್ತದೆ. ತಾಗುವುದು ಕಡ್ಡಿಯ ತುದಿಯಲ್ಲಿರುವ ಬಾಲ್‌ಪೆನ್ ರೀಫಿಲ್ಲಿನ ಮೊನೆ ಮಾತ್ರ.

ಸಿಡಿಯ ಅಂಚಿಗೆ ಬಿಳಿ ಚುಕ್ಕೆ ಇಟ್ಟು ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರಗಳಂತೆ ಸೆರೆಹಿಡಿಯುತ್ತೇನೆ. ಒಂದು ಸುತ್ತಿಗೆ 48 ಚಿತ್ರ ಬಂದರೆ ಸೆಕೆಂಡಿಗೆ 5 ಸುತ್ತು. ಆ ಕ್ಷಣದಿಂದ ನಿಲ್ಲುವವರೆಗೆ ಎಷ್ಟು ಹೊತ್ತು ಎಂಬುದೇ ನನ್ನ ಅಳತೆ. ಇಂದು 48 ಸೆಕೆಂಡ್.

ಜೂನ್ 15

ಗಾಜಿನ ಮೇಲಿನ ಒತ್ತಡವನ್ನು ಎಷ್ಟು ತಗ್ಗಿಸಿದರೂ 50 ಸೆಕೆಂಡ್ ದಾಟಲಿಲ್ಲ. ಅಂದರೆ ತಡೆ ಮೊನೆಯಲ್ಲಿಲ್ಲ. ಉತ್ತರ ಸಿಕ್ಕಿದ್ದು ಕಟ್ಟಡದ ಮೆಟ್ಟಿಲ ಕೆಳಗೆ, ಕಳಚಿಟ್ಟಿದ್ದ ಹಳೆಯ ಕರೆಂಟ್ ಮೀಟರಿನಲ್ಲಿ. ಅದರ ಅಲ್ಯೂಮಿನಿಯಂ ತಟ್ಟೆಗೆ ಬ್ರೇಕ್ ಹಾಕುವುದು ಒಂದು ಅಯಸ್ಕಾಂತ. ಲೋಹ ಅದರ ಎದುರು ಚಲಿಸಿದಾಗ ಒಳಗೆ ಸುಳಿ ವಿದ್ಯುತ್ ಹುಟ್ಟಿ ಹಿಂದಕ್ಕೆಳೆಯುತ್ತದೆ. ನನ್ನ ಹಿತ್ತಾಳೆ ಕಡ್ಡಿಯ ಪಾಡೂ ಅದೇ. ಘರ್ಷಣೆ ಬೇಡವೆಂದು ತಂದ ಅಯಸ್ಕಾಂತವೇ ಬ್ರೇಕಾಗಿ ಕೂತಿತ್ತು!

ಕಳೆದ ಮಳೆಗಾಲದಲ್ಲಿ ಮುರಿದ ಛತ್ರಿಯ ಫೈಬರ್ ಕಡ್ಡಿ ನೇರವಾಗಿತ್ತು. ಬಳೆಯ ತೂತು ದೊಡ್ಡದು, ಕಡ್ಡಿ ಸಣ್ಣದು. ಹೊಲಿಗೆ ದಾರವನ್ನು ಒತ್ತೊತ್ತಾಗಿ ಸುತ್ತಿ, ಬಳೆ ಬಿಗಿಯಾಗಿ ಏರುವ ಹದಕ್ಕೆ ತಂದು, ಮೇಲೆ ಫೆವಿಕಾಲ್ ಸವರಿದೆ. 2 ನಿಮಿಷ 10 ಸೆಕೆಂಡ್.

ಜೂನ್ 22

ನಿಯೋಡೀಮಿಯಂ ಬಳೆಯೂ ಲೋಹವೇ ತಾನೇ? ಅದರಲ್ಲೂ ವಿದ್ಯುತ್ ಹರಿಯುತ್ತದೆ. ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಕಪ್ಪು ಫೆರೈಟ್ ಬಳೆಗಳನ್ನು ತಂದೆ. ಫೆರೈಟ್ ಒಂದು ಬಗೆಯ ಸೆರಾಮಿಕ್, ವಿದ್ಯುತ್ತನ್ನು ಬಹುಮಟ್ಟಿಗೆ ಬಿಡದು. ಬಲ ಕಡಿಮೆ, ಕಡ್ಡಿ ಮೊದಲಿಗಿಂತ ತಗ್ಗಿನಲ್ಲಿ ತೇಲುತ್ತದೆ. ಆದರೂ 4 ನಿಮಿಷ 35 ಸೆಕೆಂಡ್.

ಜೂನ್ 29

ನಿಲ್ಲುವ ಮುನ್ನ ಚಕ್ರ ತೊಟ್ಟಿಲಿನಂತೆ ಆಚೀಚೆ ತೂಗುತ್ತದೆ, ಪ್ರತಿ ಬಾರಿಯೂ ಚುಕ್ಕೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಗಿರಣಿಯಲ್ಲಿ ಲೇತ್ ನಡೆಸುತ್ತಿದ್ದ ಕೆಳಮಹಡಿಯ ರಾಯರು ನೋಡಿ, "ಭಾರ ಒಂದು ಕಡೆ ಇದೆಯಪ್ಪಾ" ಎಂದರು.

"ಅಯಸ್ಕಾಂತದ್ದೇ ದೋಷ ಇರಬಹುದಲ್ಲ ರಾಯರೇ?"

"ಹಾಗಾದರೆ ಕಡ್ಡಿ ಹಾಗೇ ಇರಲಿ, ಸಿಡಿಯನ್ನು ಮಾತ್ರ ಕಾಲು ಸುತ್ತು ತಿರುಗಿಸಿ ಕೂರಿಸು. ಚುಕ್ಕೆ ಮತ್ತೆ ಅಲ್ಲೇ ನಿಂತರೆ ಸಿಡಿಯದು ತಪ್ಪು. ಜಾಗ ಬದಲಾಯಿತೋ, ಕಡ್ಡಿಯ ಮೇಲಿರುವುದರದ್ದು."

ಎಷ್ಟು ಸರಳ! ಚುಕ್ಕೆ ಜಾಗ ಬದಲಿಸಿತು, ಆದರೆ ಪೂರ್ತಿ ಕಾಲು ಸುತ್ತಲ್ಲ. ಎರಡರಲ್ಲೂ ದೋಷವಿತ್ತು. ಒಂದು ಬಳೆಯನ್ನು ಕಡ್ಡಿಯ ಮೇಲೆ ಅಷ್ಟಷ್ಟೇ ಹೊರಳಿಸುತ್ತಾ ಹೋದೆ; ಅರ್ಧ ಸುತ್ತಿನ ಹತ್ತಿರ ಎರಡು ಬಳೆಗಳ ದೋಷ ಬಹುಪಾಲು ಒಂದನ್ನೊಂದು ಅಳಿಸಿಕೊಂಡವು. ಸಿಡಿಯ ಹಗುರ ಬದಿಗೆ ಸಾಸಿವೆ ಗಾತ್ರದ ಎಂ-ಸೀಲ್ ಅಂಟಿಸಿದೆ. ಈಗ ಚಕ್ರ ತೂಗುವುದಿಲ್ಲ, ಎಲ್ಲಿ ಬೇಕಾದರೂ ಮೆಲ್ಲಗೆ ನಿಲ್ಲುತ್ತದೆ. 6 ನಿಮಿಷ 20 ಸೆಕೆಂಡ್. ರಾಯರು ಗಡಿಯಾರ ಹಿಡಿದು ಕೊನೆಯವರೆಗೂ ಕೂತಿದ್ದರು, ಕಾಫಿ ಆರಿಹೋಯಿತು.

ಜುಲೈ 6

ಚಿತ್ರಗಳನ್ನು ಮತ್ತೆ ಎಣಿಸಿದೆ. ಸೆಕೆಂಡಿಗೆ 5 ಸುತ್ತಿನಿಂದ 1 ಸುತ್ತಿಗೆ ಇಳಿಯಲು ಬರೀ ಒಂದೂವರೆ ನಿಮಿಷ. ಅಲ್ಲಿಂದ ನಿಲ್ಲಲು ಐದು ನಿಮಿಷದ ಹತ್ತಿರ. ಮೊದಲ ಭಾಗವನ್ನು ತಿನ್ನುತ್ತಿರುವುದು ಗಾಳಿ. ಫ್ಯಾನ್ ಆರಿಸಿ, ಮೇಲೆ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿದರೆ ಕೆಲವು ಸೆಕೆಂಡ್ ಹೆಚ್ಚು, ಅಷ್ಟೇ. ಆದರೆ ಮೂರು ಸಿಡಿಗಳನ್ನು ಒಟ್ಟಿಗೆ ಅಂಟಿಸಿದರೆ ತೂಕ ಮೂರು ಪಟ್ಟು, ಗಾಳಿಗೆ ಸಿಗುವ ಮೈ ಹೆಚ್ಚುಕಡಿಮೆ ಅಷ್ಟೇ. ಫೆರೈಟ್ ಅಷ್ಟು ಭಾರ ಹೊರುತ್ತದೆಯೇ? ಕೆಳಗಿನ ಎರಡೆರಡು ಬಳೆಗಳ ಬೆನ್ನಿಗೆ ಇನ್ನೊಂದೊಂದು ಜೋಡಿಸಿದ್ದೇನೆ. ಅಂಟು ಒಣಗುತ್ತಿದೆ, ಮೇಲೆ ನಿಘಂಟು ಹೇರಿಟ್ಟಿದ್ದೇನೆ.