ಪಿಟ್ಸ್‌ಬರ್ಗ್‌ಗೆ ಹೋದರೆ ಮೊದಲು ಆ ಗೋಡೆ ನೋಡಿ

ಅಮೆರಿಕದ ಪಿಟ್ಸ್‌ಬರ್ಗ್ ಪಕ್ಕದ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಬರುವ ನಮ್ಮವರು ದರ್ಶನ ಮುಗಿಸಿ ಸೀದಾ ಹೈವೇ ಹಿಡಿಯುತ್ತಾರೆ. ಬೇಸ್‌ಬಾಲ್ ತಲೆಬುಡ ಗೊತ್ತಿಲ್ಲದಿದ್ದರೂ ಅರ್ಧ ದಿನ ಉಳಿಸಿಕೊಳ್ಳಿ. ಊರಿನ ಬೇಸ್‌ಬಾಲ್ ತಂಡ ಪೈರೇಟ್ಸ್‌ನ ಹಳೆಯ ಮೈದಾನಗಳಲ್ಲಿ ನನಗೆ ಹಿಡಿಸಿದ್ದಕ್ಕೆ ಟಿಕೆಟ್ಟೇ ಇಲ್ಲ.

ಅದು ಊರಿನ ಓಕ್‌ಲ್ಯಾಂಡ್ ಬಡಾವಣೆಯಲ್ಲಿದ್ದ ಫೋರ್ಬ್ಸ್ ಫೀಲ್ಡ್. 1909ರಿಂದ 1970ರವರೆಗೆ ತಂಡ ಅಲ್ಲೇ ಆಡಿತು. ಹೆಸರಾಂತ ಆಟಗಾರ ಬೇಬ್ ರೂತ್ ತನ್ನ ಕೊನೆಯ ಹೋಂ ರನ್ (ನಮ್ಮ ಸಿಕ್ಸರ್ ಥರ), 714ನೆಯದು, ಹೊಡೆದಿದ್ದೂ ಇಲ್ಲೇ, 1935ರಲ್ಲಿ. ಈಗ ಅಲ್ಲಿ ಯೂನಿವರ್ಸಿಟಿ ಕಟ್ಟಡಗಳಿವೆ. ಆದರೆ ಬಳ್ಳಿ ಹಬ್ಬಿದ ಇಟ್ಟಿಗೆ ಗೋಡೆಯ ಒಂದು ತುಂಡನ್ನೂ ಧ್ವಜಸ್ತಂಭವನ್ನೂ ಹಾಗೇ ಬಿಟ್ಟಿದ್ದಾರೆ. 1960ರ ಅಕ್ಟೋಬರ್ 13ರಂದು ವರ್ಲ್ಡ್ ಸೀರೀಸ್‌ನ, ಅಂದರೆ ವರ್ಷದ ಫೈನಲ್ ಸರಣಿಯ, ಏಳನೇ ಪಂದ್ಯ 9-9ರಲ್ಲಿ ನಿಂತಿತ್ತು. ಪೈರೇಟ್ಸ್‌ನ ಬಿಲ್ ಮ್ಯಾಜೆರೋಸ್ಕಿ ಚೆಂಡನ್ನು ಗೋಡೆ ದಾಟಿಸಿ ನ್ಯೂಯಾರ್ಕ್‌ನ ಯಾಂಕೀಸ್‌ ಕಥೆ ಮುಗಿಸಿದ. ಚೆಂಡು ದಾಟಿದ ಜಾಗದಲ್ಲಿ ಫುಟ್‌ಪಾತ್ ಮೇಲೆ ಫಲಕವಿದೆ. ಪ್ರತಿ ವರ್ಷ ಅದೇ ದಿನ ಅಭಿಮಾನಿಗಳು ಗೋಡೆಯ ಹತ್ತಿರ ಕುಳಿತು ಆ ಪಂದ್ಯದ ರೇಡಿಯೋ ಕಾಮೆಂಟರಿಯನ್ನು ಮತ್ತೆ ಕೇಳುತ್ತಾರೆ! ಪಕ್ಕದ ಪೊಸ್ವಾರ್ ಹಾಲ್‌ನಲ್ಲಿ ಹೋಂ ಪ್ಲೇಟ್, ಅಂದರೆ ಬ್ಯಾಟ್ ಮಾಡುವ ಜಾಗದ ಹಲಗೆ, ನೆಲದ ಗಾಜಿನಡಿ ಇದೆ. ವಾರದ ದಿನ ಹೋಗಿ, ಒಳಗೆ ಬಿಡುತ್ತಾರೆ.

ಇನ್ನು ಪಾರ್ಕಿಂಗ್. ತಂಡದ ಈಗಿನ ಮೈದಾನ ಪಿಎನ್‌ಸಿ ಪಾರ್ಕ್ ಡೌನ್‌ಟೌನ್‌ನಿಂದ ನದಿಯ ಆಚೆ, ನಾರ್ತ್ ಶೋರ್‌ನಲ್ಲಿದೆ. ಪಕ್ಕದ ಒಂದು ಪಾರ್ಕಿಂಗ್‌ನಲ್ಲಿ ನನ್ನಿಂದ ನಲವತ್ತು ಡಾಲರ್ ಕಿತ್ತರು. ಬೋರ್ಡಿನಲ್ಲಿದ್ದ ದರವೇ ಬೇರೆ. ಕೇಳಿದರೆ 'ಇವತ್ತು ಮ್ಯಾಚ್ ಇದೆ' ಅಷ್ಟೇ. ಟಿಕೆಟ್ಟಿಗಿಂತ ಪಾರ್ಕಿಂಗೇ ಜಾಸ್ತಿ ಆಯಿತು. ಕಾರನ್ನು ಡೌನ್‌ಟೌನ್‌ನಲ್ಲಿ ಬಿಡಿ. ಅಲ್ಲಿಂದ ನಾರ್ತ್ ಶೋರ್‌ಗೆ ನದಿಯಡಿ ಹೋಗುವ 'ಟಿ' ಎಂಬ ಲೋಕಲ್ ರೈಲು ಪುಕ್ಕಟೆ. ನಡೆಯುವುದಾದರೆ ರಾಬರ್ಟೊ ಕ್ಲೆಮೆಂಟೆ ಸೇತುವೆ ಇದೆ, ಮ್ಯಾಚ್ ದಿನ ಅಲ್ಲಿ ವಾಹನ ಬಿಡುವುದಿಲ್ಲ.

ತಮಾಷೆ ಅಂದರೆ, ತಂಡದ ಹಿಂದಿನ ಮೈದಾನ ತ್ರೀ ರಿವರ್ಸ್ ಸ್ಟೇಡಿಯಂ ಇದ್ದದ್ದೂ ಆ ಪಾರ್ಕಿಂಗ್‌ಗಳ ಜಾಗದಲ್ಲೇ. 1970ರಲ್ಲಿ ಅಮೆರಿಕನ್ ಫುಟ್‌ಬಾಲಿಗೂ ಸೇರಿಸಿ ಕಟ್ಟಿದ ದುಂಡನೆಯ ಕಾಂಕ್ರೀಟ್ ಅದು. 2001ರ ಫೆಬ್ರವರಿಯಲ್ಲಿ ಸ್ಫೋಟಿಸಿ ಕೆಡವಿದರು. ಫೋರ್ಬ್ಸ್ ಫೀಲ್ಡ್‌ಗೂ ಹಿಂದೆ ಅಲ್ಲೇ ತಂಡದ ಎಕ್ಸ್‌ಪೊಸಿಷನ್ ಪಾರ್ಕ್ ಮೈದಾನ ಇತ್ತು. 1903ರ ಮೊದಲ ವರ್ಲ್ಡ್ ಸೀರೀಸ್‌ನ ಪಂದ್ಯಗಳು ಅಲ್ಲಿ ನಡೆದವು. ನದಿ ಉಕ್ಕಿದರೆ ಮೈದಾನಕ್ಕೆ ನೀರು ನುಗ್ಗುತ್ತಿತ್ತಂತೆ.

ಊಟಕ್ಕೆ ದೇವಸ್ಥಾನದ ಕ್ಯಾಂಟೀನ್ ಬಿಟ್ಟು ಬೇರೆ ಕಡೆ ನೋಡಬೇಡಿ. ಪುಳಿಯೋಗರೆಯಲ್ಲಿ ಹುಣಸೆ ಹದವಾಗಿತ್ತು, ಕಡಲೆಬೀಜ ಇನ್ನೂ ಗರಿಗರಿ. ಮೊಸರನ್ನ ಹುಳಿ ಬಂದಿರಲಿಲ್ಲ. ದೋಸೆಗೆ ಸ್ವಲ್ಪ ಕಾಯಬೇಕು, ಕಾಯಿರಿ. ಇಬ್ಬರು ಹೊಟ್ಟೆ ತುಂಬಾ ತಿಂದರೂ ಸ್ಟೇಡಿಯಂನ ಒಂದು ಸ್ಯಾಂಡ್‌ವಿಚ್ಚಿನಷ್ಟೂ ಆಗಲಿಲ್ಲ. ಇನ್ನೊಂದು ಖುಷಿ, ಪಿಎನ್‌ಸಿ ಪಾರ್ಕ್‌ಗೆ ಹೊರಗಿನ ತಿಂಡಿ ಒಯ್ಯಬಹುದು. ಬ್ಯಾಗಿನ ನಿಯಮ ಮಾತ್ರ ಮೊದಲೇ ನೋಡಿಕೊಳ್ಳಿ. ನಾನು ಪುಳಿಯೋಗರೆ ಕಟ್ಟಿಸಿಕೊಂಡು ಹೋದೆ.

ಸೀಟು ಥರ್ಡ್ ಬೇಸ್ ಕಡೆ (ಹೋಂ ಪ್ಲೇಟ್ ಹಿಂದಿನಿಂದ ನೋಡಿದರೆ ಎಡಕ್ಕೆ), ಮೇಲಿನ ಅಂತಸ್ತಿನಲ್ಲಿ ತಗೊಳ್ಳಿ. ಆಟ ಬೋರಾದರೂ ಎದುರಿಗೆ ನದಿ, ಸೇತುವೆ, ಊರಿನ ಎತ್ತರದ ಕಟ್ಟಡಗಳು ಕಾಣುತ್ತವೆ. ಪಟಾಕಿ ಹೊಡೆಯುವ ರಾತ್ರಿಗಳಲ್ಲಿ ಮಾತ್ರ ಹೋಗಬೇಡಿ. ಆ ನೂಕುನುಗ್ಗಲು ನನಗಂತೂ ಆಗುವುದಿಲ್ಲ. ಮಂಗಳವಾರ, ಬುಧವಾರ ನೋಡಿ, ಕಾಲು ಚಾಚಿ ಕೂರುವಷ್ಟು ಜಾಗ ಸಿಗುತ್ತದೆ.